ಹಲಗೆಯ ಮೊದಲ ಬಿಲ್ಲೆ

ಕೋಲಾರ ಚಿನ್ನದ ಗಣಿಯ ಉರಿಗಾಂನಲ್ಲಿ ನಮ್ಮ ಪಕ್ಕದ ಮನೆಯ ಮೇಸ್ತ್ರಿ ಮಾಮನ ಬಲಗೈ ಬೆರಳುಗಳ ತುದಿ ಬೆಳ್ಳಗಾಗಿ ಮರಗಟ್ಟಿತ್ತು. ವರ್ಷಗಟ್ಟಲೆ ಗಣಿಯೊಳಗೆ ಡ್ರಿಲ್ಲಿಂಗ್ ಮಿಷಿನ್ ಹಿಡಿದ ಕೈ. ಟೀ ಲೋಟದ ಬಿಸಿ ಅವರಿಗೆ ತಿಳಿಯುತ್ತಿದ್ದದ್ದು ತುಟಿ ಸುಟ್ಟ ಮೇಲೆಯೇ. "ಇದ್ಕೂ ಸಿಡಿಮದ್ದು ಆಕಿದ್ಯೇನೇ?" ಎಂದು ಅತ್ತೆಯನ್ನು ರೇಗಿಸುತ್ತಿದ್ದರು.

ಗಣಿ ಮುಚ್ಚಿದ ಮೇಲೆ ಬಂಡೆ ಸಿಡಿಸುವ ಕೆಲಸಕ್ಕೆ ಊರೂರು ಅಲೆದರು. ಕೊನೆಯದು ಛತ್ತೀಸಗಢದ ಕಾಡಿನಲ್ಲಿ, ಒಂದು ಆದಿವಾಸಿ ಹಳ್ಳಿಗೆ ಗುಡ್ಡ ಕಡಿದು ರಸ್ತೆ ಮಾಡುವ ಕೆಲಸ. ಹೆರಿಗೆ ನೋವು ಬಂದವರನ್ನು ಮಂಚದ ಮೇಲೆ ಹೊತ್ತೊಯ್ಯುವ ಊರು ಅದು. ಅಲ್ಲಿನ ಪಂಚಾಯ್ತಿ ಅಧ್ಯಕ್ಷ ಕಚೇರಿಗಳನ್ನು ಸುತ್ತಿ ಸುತ್ತಿ ರಸ್ತೆ ಮಂಜೂರು ಮಾಡಿಸಿದ್ದ. ರಸ್ತೆಯಲ್ಲಿ ಪೊಲೀಸರು ಬರುತ್ತಾರೆ, ಬೇಡ ಎಂದು ನಕ್ಸಲರು ಹೇಳಿಕಳಿಸಿದ್ದರು. ಅವನು ಕೇಳಲಿಲ್ಲ.

ಮಾಮ ಅಲ್ಲಿಯೂ ಗಣಿಯ ಪದ್ಧತಿ ಬಿಡಲಿಲ್ಲ. ನಮ್ಮಲ್ಲಿ ಕೆಳಗಿಳಿಯುವವನ ಹೆಸರಿನ ಬಿಲ್ಲೆ ಮೇಲೆ ಹಲಗೆಗೆ ತೂಗುತ್ತಿತ್ತು. ಪಾಳಿ ಮುಗಿದ ಮೇಲೂ ಬಿಲ್ಲೆ ಅಲ್ಲೇ ಉಳಿದರೆ ಆ ಮನುಷ್ಯನನ್ನು ಹುಡುಕಲು ಇಳಿಯುತ್ತಿದ್ದರು. ಕಾಡಿನಲ್ಲೂ ಮಾಮ ಒಂದು ಹಲಗೆ ನೆಟ್ಟು, ಕೂಲಿಯವರ ಹೆಸರು ಬರೆದ ತಗಡಿನ ಬಿಲ್ಲೆಗಳನ್ನು ತೂಗುಹಾಕಿದರು. ಸಿಡಿತಕ್ಕೆ ಮುಂಚೆ ಒಮ್ಮೆ, ಆಮೇಲೊಮ್ಮೆ ಎಣಿಕೆ. ಹೆಸರು ಕೂಗಿದಾಗ ಎದ್ದು ನಿಲ್ಲಬೇಕು. ದಿನವೂ ಕೆಲಸ ನೋಡಲು ಬರುತ್ತಿದ್ದ ಅಧ್ಯಕ್ಷನದೇ ಮೊದಲ ಬಿಲ್ಲೆ.

ಒಂದು ಮಧ್ಯಾಹ್ನ ಬಂದೂಕು ಹಿಡಿದವರು ಬಂದರು. ಅದನ್ನು ಮಾಮ ನನಗೆ ಹೇಳುತ್ತಿದ್ದದ್ದು ಹೀಗೆ:

"ಬೇರೆ ಕಡೆಯೋರು ಕಣ್ಲಾ. ಅಧ್ಯಕ್ಷ ಯಾರೋ ಗೊತ್ತಿಲ್ಲ ಅಂತ ಅವ್ರಲ್ಲೇ ತೆಲುಗಲ್ಲಿ ಮಾತಾಡ್ಕೊಂಡ್ರು. ಕೋಲಾರದೋನು ನಾನು, ನಂಗೆ ತೆಲುಗು ತಿಳೀದಾ? ಅಧ್ಯಕ್ಷ ಮೈಯೆಲ್ಲ ಮಣ್ಣು ಮಾಡ್ಕೊಂಡು ಕೂಲಿಯೋರ್ ಮಧ್ಯೆ ಕುಂತಿದ್ದ. ಅಲಗೆ ನೋಡಿ, ಅಧ್ಯಕ್ಷ ಅಂತ ಬರ್ದಿದ್ದ ಮೊದಲ್ನೇ ಬಿಲ್ಲೆ ಎಸ್ರು ಕೂಗಿದ್ರು. ಎಣಿಕೆಗೆ ನಿಲ್ಲೋ ಅಂಗೆ ಎದ್ ನಿಂತ. ನಾನ್ ಕಲ್ಸಿದ್ದು."

ಅಲ್ಲಿಯೇ ಗುಂಡು ಹೊಡೆದರು. ರಸ್ತೆ ಗುಡ್ಡದ ಈಚೆಗೇ ನಿಂತಿತು. ಮುಂದಿನ ಚುನಾವಣೆಗೆ ಆ ಊರಲ್ಲಿ ಯಾರೂ ಅರ್ಜಿ ಹಾಕಲಿಲ್ಲ. ಪಂಚಾಯ್ತಿ ಕಾರ್ಯದರ್ಶಿ ದೂರದ ಪೇಟೆಯಲ್ಲೇ ಕುಳಿತು ಗ್ರಾಮಸಭೆ ನಡೆದಂತೆ ಬರೆಯುತ್ತಾನೆ, ಶಾಲೆಯಲ್ಲಿ ಪೊಲೀಸರು ಮಲಗುತ್ತಾರೆ ಎಂದು ಅಲ್ಲಿನ ಕೂಲಿಯವನೊಬ್ಬ ಸಂತೆಗೆ ಬಂದಾಗ ಮಾಮನಿಗೆ ಫೋನ್ ಮಾಡಿ ಹೇಳುತ್ತಿದ್ದ.

ನಾನು ವಿಶ್ವವಿದ್ಯಾಲಯದಲ್ಲಿ ಇಂಥ ಊರುಗಳ ರಾಜಕೀಯವನ್ನೇ ಓದುತ್ತಿದ್ದವನು. "ಓದ್ದೋನಲ್ವಾ, ಏಳ್ಲಾ. ಅಲಗೆ ಇಲ್ದಿದ್ರೆ ಉಳೀತಿದ್ನಾ?" ಎಂದು ಮಾಮ ಸಿಕ್ಕಾಗಲೆಲ್ಲ ಕೇಳುತ್ತಿದ್ದರು.

"ಹೇಗಾದ್ರೂ ಹುಡುಕ್ತಿದ್ರು ಮಾಮ. ಅದು ವ್ಯವಸ್ಥೆಯ ಪ್ರಶ್ನೆ."

"ಎದ್ ನಿಂತಿದ್ದು ನಿನ್ ವ್ಯವಸ್ಥೆ ಅಲ್ವಲ್ಲೋ."

ಮೊದಲ ಬಿಲ್ಲೆ ತನ್ನದಿರಲಿ ಎಂದು ಅಧ್ಯಕ್ಷನೇ ಆಸೆಪಟ್ಟಿದ್ದ ಎಂದು ಮಾಮ ಒಮ್ಮೆ ಹೇಳಿದ್ದು ನನ್ನ ನೆನಪಿನಲ್ಲಿದೆ. ಆದರೆ ನನ್ನ ಟಿಪ್ಪಣಿ ಪುಸ್ತಕದಲ್ಲಿ ಅದಿಲ್ಲ. ನನಗೆ ಬೇಕಾದ ಹಾಗೆ ನಾನೇ ಕಟ್ಟಿಕೊಂಡೆನೋ ಏನೋ.

ಗಣಿಯ ದೂಳು ಕೊನೆಗೂ ಅವರ ಶ್ವಾಸಕೋಶವನ್ನು ತಿಂದಿತು. ಬಂಗಾರಪೇಟೆಯ ಆಸ್ಪತ್ರೆಯಲ್ಲಿ ಮತ್ತೆ ಅದೇ ಪ್ರಶ್ನೆ. "ಮೊದಲ ಬಿಲ್ಲೆ ಅವನೇ ಕೇಳಿ ಬರೆಸ್ಕೊಂಡ ಅಂತ ನೀವೇ ಹೇಳಿದ್ರಲ್ಲ ಮಾಮ" ಎಂದೆ.

"ಅಂಗಂದಿದ್ನೇನೇ?" ಎಂದು ಅತ್ತೆಯತ್ತ ತಿರುಗಿದರು. ಅತ್ತೆ ಹೂಂ ಎಂದರು. ಎರಡು ದಿನಕ್ಕೆ ಮಾಮ ಹೋದರು.

ತಿಥಿ ಮುಗಿದ ಮೇಲೆ ಅತ್ತೆಯನ್ನು ಕೇಳಿದೆ: "ನಿಜವಾಗ್ಲೂ ಹೇಳಿದ್ರಾ?"

"ನಾನ್ ಕೇಳಿಲ್ಲಪ್ಪ. ನಿನ್ ಮಾತಿಗೆ ಊಂ ಅಂದೆ. ಅವ್ರೂ ನಂಬ್ಲಿಲ್ಲ ಬಿಡು. ನೀನ್ ಆಚೆ ಓಗ್ತಿದ್ದಂಗೆ, ಪಾಪ, ಉಡುಗ ನನಗೋಸ್ಕರ ಸುಳ್ಳು ಏಳ್ದ ಅಂದ್ರು."