ಗೌರಿಯ ಟೈರ್ ಬಾನಿ

‘ನಿನ್ನ ಟಬ್ ನೀ ಒಯ್ಯವ್ವ. ನಮ್ ಟೈರ್ ನಮಗ ತಂದು ಕೊಡು.’

ಮಂಗಳವಾರ ಬೆಳಿಗ್ಗೆ ಕಾಲೇಜಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ಕಮಲಾಪುರದಿಂದ ಅಕ್ಕನ ಫೋನ್. ಹಲೋ ಇಲ್ಲ, ನಾಷ್ಟಾ ಆಯ್ತಾ ಇಲ್ಲ, ನೇರ ವಿಷಯ. ‘ಗೌರಿ ನಿನ್ನಿ ಮುಂಜಾನಿಂದ ಹನಿ ನೀರು ಕುಡಿದಿಲ್ಲ. ಇಂಥಾ ಬಿಸಲಾಗ ಹ್ಯಾಂಗ ತಡೀತಾಳ ಆಕಿ?’

ಗೌರಿ ಅಂದರೆ ಅಕ್ಕನ ಎಮ್ಮೆ. ಮುದುಕಿ. ಹಾಲು ಬತ್ತಿ ಎಷ್ಟೋ ಕಾಲವಾಯಿತು, ಎರಡೂ ಕಣ್ಣು ಹೋಗಿವೆ. ಆದರೂ ಅಕ್ಕ ಮಾರಿಲ್ಲ. (‘ಮಾರ್ಲಾಕ ಆಕಿ ಏನ್ ಸಾಮಾನೇನು?’ ಅನ್ನುತ್ತಾಳೆ.) ಗೌರಿಗೆ ಏನಾದರೂ ಆದರೆ ಪಾಪ ನನ್ನ ತಲೆಗೇ. ಯಾಕೆ ಅಂತೀರಾ? ಕೇಳಿ.

ನಾನು ಕೆಮಿಸ್ಟ್ರಿ ಪಾಠ ಮಾಡುವವಳು. ಹೋದ ತಿಂಗಳು ನನ್ನ ಹಳೆಯ ವಿದ್ಯಾರ್ಥಿ ಇರ್ಫಾನ್, ಊರಂಚಿನ ಕಪನೂರದಲ್ಲಿ ತಾನು ಹಾಕಿದ ಘಟಕ ನೋಡಲು ಕರೆದಿದ್ದ. ಸವೆದ ಟೈರುಗಳನ್ನು ದೊಡ್ಡ ಕಬ್ಬಿಣದ ಉರುಳೆಯೊಳಗೆ ತುಂಬಿ, ಗಾಳಿಯಾಡದಂತೆ ಬಾಗಿಲು ಬಿಗಿದು ಕಾಯಿಸುತ್ತಾರೆ. ಗಾಳಿ ಇಲ್ಲದ್ದರಿಂದ ಟೈರು ಉರಿಯುವುದಿಲ್ಲ, ಒಡೆದು ಆವಿಯಾಗುತ್ತದೆ. ಆವಿ ತಣಿದರೆ ಎಣ್ಣೆ. ಅದು ಕುಲುಮೆಗಳಿಗೆ ಉರುವಲು. ಒಳಗೆ ಉಳಿಯುವುದು ಕರಿ ಪುಡಿ ಮತ್ತು ಉಕ್ಕಿನ ತಂತಿ. ಇದಕ್ಕೇ ಪೈರಾಲಿಸಿಸ್ ಅನ್ನುವುದು. ಬೋರ್ಡಿನ ಮೇಲೆ ವರ್ಷಗಟ್ಟಲೆ ಬರೆದಿದ್ದೆ, ಕಣ್ಣಾರೆ ಕಂಡಿದ್ದು ಅಂದೇ. ‘ಎಲ್ಲಾ ನೀವೇ ಕಲಿಸಿದ್ದು ರೀ ಮೇಡಂ’ ಅಂದ ಇರ್ಫಾನ್. ಅಷ್ಟು ಸಾಕಾಯಿತು, ಉಬ್ಬಿಹೋದೆ.

ಅಂದಿನಿಂದ ನನಗೆ ಟೈರ್ ಹುಚ್ಚು. ಓಣಿಯಲ್ಲಿ ಯಾರ ಮಾಳಿಗೆಯ ಮೇಲೆ ಟೈರ್ ಕಂಡರೂ ಬಾಗಿಲು ಬಡಿಯುತ್ತಿದ್ದೆ. (ನಮ್ಮ ಮನೆಯವರು ತಮ್ಮ ಸ್ಕೂಟರಿಗೆ ಎರಡೆರಡು ಸಲ ಬೀಗ ಹಾಕತೊಡಗಿದರು.) ಮೊನ್ನೆ ಭಾನುವಾರ ಸಂಜೆ ಇರ್ಫಾನನ ಗಾಡಿ ತೆಗೆದುಕೊಂಡು ಕಮಲಾಪುರಕ್ಕೂ ಹೋದೆ. ಅಕ್ಕನ ಹಿತ್ತಲಲ್ಲಿ ಬಿದ್ದಿದ್ದ ಟ್ರ್ಯಾಕ್ಟರ್ ಟೈರುಗಳನ್ನು ಹೇರಿಸಿದೆ. ಕೊಟ್ಟಿಗೆಯಲ್ಲಿ ಇನ್ನೊಂದು ಕಂಡಿತು. ಲಾರಿ ಟೈರನ್ನು ಕೊಯ್ದು, ಮಗುಚಿ, ತಳಕ್ಕೆ ರಬ್ಬರ್ ತುಂಡು ಇಟ್ಟು ಮೊಳೆ ಹೊಡೆದು ಮಾಡಿದ ನೀರಿನ ಬಾನಿ.

‘ಅದು ಗೌರಿದವ್ವ’ ಅಂದಳು ಅಕ್ಕ.

‘ಎಷ್ಟು ಹೊಲಸಾಗ್ಯಾದ ನೋಡಕ್ಕ’ ಎಂದು, ಸೂಪರ್ ಮಾರ್ಕೆಟ್‌ನಲ್ಲಿ ಕೊಂಡು ತಂದಿದ್ದ ನೀಲಿ ಪ್ಲಾಸ್ಟಿಕ್ ಟಬ್ ಅಲ್ಲಿಟ್ಟೆ. (ಪ್ಲಾಸ್ಟಿಕ್! ಕಸ ಕಡಿಮೆ ಮಾಡಲು ಹೊರಟವಳು!) ಕಲಿತ ತಂಗಿ ಹೇಳಿದ ಮೇಲೆ ಮುಗಿಯಿತು, ಬಾನಿಯೂ ಗಾಡಿ ಏರಿತು.

ಕುರುಡು ಎಮ್ಮೆಗೆ ನೀಲಿಯೇನು, ಹಸಿರೇನು? ಅವಳು ಗದ್ದವನ್ನು ಟೈರಿನ ಅಂಚಿಗೆ ಒತ್ತಿ, ರಬ್ಬರಿನ ವಾಸನೆ ಹಿಡಿದು, ಆಮೇಲೆ ನೀರಿಗೆ ಬಾಯಿ ಹಾಕುವವಳು. ಟಬ್ಬಿಗೆ ಮುಖ ತಗುಲಿದರೆ ಬೆದರಿ ಹಿಂದೆ ಸರಿಯುತ್ತಿದ್ದಾಳಂತೆ. ಅಕ್ಕ ಬೊಗಸೆಯಲ್ಲಿ ಹಿಡಿದರೂ ಒಲ್ಲೆ ಅಂದಳಂತೆ.

ಅಕ್ಕನ ಫೋನ್ ಇಟ್ಟು ಇರ್ಫಾನನಿಗೆ ಹಚ್ಚಿದೆ, ಎತ್ತಲಿಲ್ಲ. ಕಾಲೇಜಿಗೆ ರಜೆ ಹೇಳಿ, ಆಟೊ ಹಿಡಿದು ಕಪನೂರಕ್ಕೆ ಓಡಿದೆ. ನಾನು ಕಳಿಸಿದ್ದ ಟೈರಿನ ರಾಶಿ ಅಂಗಳದಲ್ಲಿ ಇರಲಿಲ್ಲ. ಉರುಳೆ ತಿರುಗುತ್ತಿತ್ತು.

‘ನಿಮ್ಮ ಲೋಡ್ ಇವತ್ತು ಮುಂಜಾನೆನೇ ಹಾಕೀವ್ರಿ ಮೇಡಂ!’ ಇರ್ಫಾನನ ಮುಖದಲ್ಲಿ ಖುಷಿ.

‘ಬಾಗಿಲು ತೆಗಿಯಪ್ಪ! ಅದರಾಗ ನಮ್ಮ ಎಮ್ಮಿ ನೀರು ಕುಡಿಯೋ ಬಾನಿ ಅದ!’

‘ತೆಗಿಲಾಕ ಬರಲ್ರಿ. ತಣ್ಣಗಾಗೋಕಿಂತ ಮೊದಲ ಗಾಳಿ ಒಳಗ ಹೊಕ್ಕರ ಬೆಂಕಿನೇ ಹತ್ತತದ. ನೀವೇ ಹೇಳಿಕೊಟ್ಟೀರಲ್ರಿ.’

ಹೌದು, ನಾನೇ. ಅಲ್ಲೇ ಒಂದು ಟೈರಿನ ಮೇಲೆ ಕುಕ್ಕರಿಸಿದೆ. ತನ್ನ ವಯಸ್ಸಾದ ಮೇಡಂ ಕಾರ್ಖಾನೆ ಅಂಗಳದಲ್ಲಿ ಎಮ್ಮೆಗಾಗಿ ಅಳುವುದನ್ನು ನೋಡಿ ಇರ್ಫಾನ್ ಪಾಪ ಕಂಗಾಲಾದ.

ಟೈರ್ ಆರಿಸುವ ಕೆಲಸದ ಮಹಾದೇವಿ ಹತ್ತಿರ ಬಂದಳು. ‘ದನದ ಬಾನಿ ಕೇಳ್ಲಾಕತ್ತೀರೇನ್ರಿ?’ ಎಂದವಳೇ ಶೆಡ್ಡಿನ ಹಿಂದೆ ಕರೆದೊಯ್ದಳು. ಬಾನಿ ಗೋಡೆಗೆ ಒರಗಿ ನಿಂತಿತ್ತು.

‘ಇದರ ಅಂಚು ಮುಟ್ಟಿ ನೋಡ್ರಿ. ನೆಕ್ಕಿ ನೆಕ್ಕಿ ನುಣ್ಣಗ ಆಗ್ಯಾದ. ಯಾವುದೋ ಮೂಕ ಜೀವ ದಿನಾ ಕುಡೀತಿತ್ತು. ಇದನ್ನ ಹ್ಯಾಂಗ ಬೆಂಕಿಗಿ ಹಾಕಲಿ? ಯಾರರ ಹುಡಿಕ್ಕೊಂಡು ಬರ್ತಾರಂತ ತೆಗೆದಿಟ್ಟೀನಿ.’

ಮುಟ್ಟಿ ನೋಡಿದೆ. ನಿಜ, ಒಂದು ಬದಿ ಮಾತ್ರ ನುಣುಪು. ಭಾನುವಾರ ಇದೇ ಕೈಯಿಂದ ಎತ್ತಿ ಗಾಡಿಗೆ ಹಾಕಿದ್ದೆನಲ್ಲ, ಆಗ ನನಗೆ ಯಾಕೆ ತಿಳಿಯಲಿಲ್ಲ? ಮಹಾದೇವಿಗೆ ಕೈ ಮುಗಿಯಲು ಹೋದೆ. ‘ಅಯ್ಯ, ಬಿಡ್ರಿ. ಮೊದಲ ಅದಕ್ಕ ನೀರು ಕುಡಸ್ರಿ’ ಅಂದಳು.

ಬಾನಿಯನ್ನು ತೊಡೆಯ ಮೇಲಿಟ್ಟುಕೊಂಡು (ಇಸ್ತ್ರಿ ಸೀರೆಯ ಗತಿ ಕೇಳಬೇಡಿ) ಟಂಟಂ ಆಟೊದಲ್ಲಿ ಕಮಲಾಪುರ ಮುಟ್ಟಿದಾಗ ಮಧ್ಯಾಹ್ನ. ಅಕ್ಕ ಬಾನಿ ಕಸಿದುಕೊಂಡು, ಅದರ ಜಾಗದಲ್ಲಿಟ್ಟು, ಕೊಡ ಸುರಿದಳು. ಗೌರಿ ಮೂಗರಳಿಸಿದಳು. ಗದ್ದ ಮುಂದೆ ತಂದಳು. ಅಂಚು ಸಿಕ್ಕಿತು. ಆಮೇಲೆ ತಲೆ ಎತ್ತಿದ್ದು ಎರಡನೇ ಕೊಡವೂ ಖಾಲಿಯಾದ ಮೇಲೆಯೇ.

ಹಾಗಂತ ಇರ್ಫಾನನ ಕೆಲಸ ಸಣ್ಣದಲ್ಲ. ಊರಾಚೆ ಟೈರು ಸುಟ್ಟು ಕರಿ ಹೊಗೆ ಎಬ್ಬಿಸುವುದಕ್ಕಿಂತ ಇದು ಎಷ್ಟೋ ಮೇಲು. ಕೆಲಸ ಮುಗಿದ ಟೈರುಗಳನ್ನು ಇನ್ನೂ ಕಳಿಸುತ್ತೇನೆ. ಆದರೆ ಮುಗಿದಿದೆಯಾ ಅಂತ ಆಯಾ ಮನೆಯವರನ್ನು ಮೊದಲು ಕೇಳುತ್ತೇನೆ, ಕೇಳಿ ಉತ್ತರಕ್ಕೂ ಕಾಯುತ್ತೇನೆ.

ಅಂದು ಗೌರಿಯ ಮುಖ ಒರೆಸಿ ಒಳಗೆ ಬಂದ ಅಕ್ಕ ತಂಬಿಗೆ ಎತ್ತಿ ಗಟಗಟ ಕುಡಿದಳು.

‘ಇಷ್ಟ್ಯಾಕ ನೀರಡಿಸೀದಿ ಅಕ್ಕ?’ ಅಂದೆ.

‘ನಿನ್ನಿ ಮುಂಜಾನಿಂದ ನನಗೂ ನೀರು ಗಂಟಲದಾಗ ಇಳೀಲೇ ಇಲ್ಲವ್ವ. ಆಕಿ ಒಣ ಬಾಯಿಲೆ ನಿಂತಿದ್ಲಲ್ಲ.’

ಇಂಥ ಮನೆಗೆ ನಾನು ಕಸ ಹುಡುಕಿಕೊಂಡು ಹೋಗಿದ್ದೆ ನೋಡಿ!