ಬಿಚ್ಚುವವರಿಗೊಂದು ಗುರುತು

ಅವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಹರೆಯದಲ್ಲಿ ಹೊಲಿಗೆ ಯಂತ್ರದ ಸೂಜಿ ಅದರ ಮೂಲಕ ಹಾದುಹೋಗಿತ್ತಂತೆ. ಆಮೇಲೆ ಬಂದ ಉಗುರು ಎರಡು ಹೋಳಾಗಿಯೇ ಬೆಳೆಯಿತು. ಅದನ್ನೂ ಅವರು ಒಂದು ಉಪಕರಣ ಮಾಡಿಕೊಂಡಿದ್ದರು. ಎಣ್ಣೆ ಮೆತ್ತಿದ ತಿರುಪಿನ ತಲೆಯ ಮೇಲೆ ಉಗುರನ್ನು ಆಡಿಸಿ, ಅದರ ಗೀರು ಯಾವ ಕಡೆಗಿದೆಯೆಂದು ನೋಡದೆಯೇ ಹೇಳುತ್ತಿದ್ದರು.

ಆಂಧ್ರ ಗಡಿಯ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಮನೆಗಳಿಗೆ ಲೆಕ್ಕವಿಲ್ಲ. ಆ ಮನೆಗಳ ಯಂತ್ರಗಳನ್ನೆಲ್ಲ ಮೊದಲು ಅವರ ಗಂಡ ರಿಪೇರಿ ಮಾಡುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಈಕೆ ಅದೇ ಚೀಲ ಹೆಗಲಿಗೇರಿಸಿ ಹೊರಟರು. ಊರೆಲ್ಲ ಅವರನ್ನು ಮಿಸ್ತ್ರಿ ಅಮ್ಮ ಎನ್ನುತ್ತಿತ್ತು. ನಾನೂ ಹಾಗೆಯೇ ಕರೆದೆ.

ನಾನಾಗ ಅದೇ ಊರಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್. ಐದಕ್ಕೆ ಮೊದಲ ಗಂಟೆ, ಐದೂವರೆಗೆ ಪ್ರಾರ್ಥನೆ, ಆರಕ್ಕೆ ಓದು. ಗಂಟೆ ತಪ್ಪಿದರೆ ನನಗೆ ಊಟ ರುಚಿಸುತ್ತಿರಲಿಲ್ಲ. ಹಾಸ್ಟೆಲಿನ ಆರು ಹೊಲಿಗೆ ಯಂತ್ರಗಳನ್ನು ನೋಡಲು ಮಿಸ್ತ್ರಿ ಅಮ್ಮನಿಗೆ ಹತ್ತು ಗಂಟೆಗೆ ಬರಲು ಹೇಳಿಕಳಿಸಿದ್ದೆ. ಬಂದಾಗ ಹನ್ನೊಂದೂವರೆ. ನಾನು ಗೋಡೆ ಗಡಿಯಾರ ತೋರಿಸಿದೆ.

"ನಿಮ್ಮ ಗಡಿಯಾರ ಸರಿನ ಐತ್ರಿ, ವಾರ್ಡನ್ನಮ್ಮಾರೆ," ಎಂದರು ಚೀಲ ಇಳಿಸುತ್ತ. "ಮುಂಚೇದ ಮಿಷಿನ್ ಮುಗದಾಗ ನನ್ನ ಗಡಿಯಾರದಾಗ ಹತ್ತು ಹೊಡೀತೈತಿ."

ಹುಡುಗಿಯರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ನಾನು ನಗಲಿಲ್ಲ. ಆದರೆ ಅವರ ಕೆಲಸ ನೋಡುತ್ತ ಅಲ್ಲೇ ನಿಂತೆ. ತಿರುಪು ಬಿಗಿದು ಮುಗಿಸಿದ ಮೇಲೆ ಅವರು ಸೂಜಿಯ ಮೊನೆಯಲ್ಲಿ ಅದರ ತಲೆಯಿಂದ ಪಕ್ಕದ ಲೋಹದವರೆಗೆ ಒಂದು ಸಣ್ಣ ಗೆರೆ ಎಳೆದರು. ಗೆರೆಯ ಪಕ್ಕ ಚುಕ್ಕಿಗಳನ್ನು ಕೊರೆದರು. ಒಂದಕ್ಕೆ ಒಂದು ಚುಕ್ಕಿ, ಇನ್ನೊಂದಕ್ಕೆ ಎರಡು.

"ಇದೇನು?"

"ಗೆರಿ ಕೂಡಿದ್ರ ಬಿಗಿ ಸರಿ ಐತಿ ಅಂತ. ಚುಕ್ಕಿ, ಯಾವುದನ್ನ ಮೊದಲ ಬಿಗೀಬೇಕು ಅಂತ. ಜೋಡಸೋದು ದೊಡ್ಡದಲ್ಲರಿ. ಮುಂದ ಬಿಚ್ಚೋರಿಗೆ ದಾರಿ ಇಡಬೇಕು."

ಊರಿನ ಬೇರೆ ಮಿಸ್ತ್ರಿಗಳು ಇದನ್ನು ಹಾಸ್ಯ ಮಾಡುತ್ತಿದ್ದರು. ಎಲ್ಲರಿಗೂ ದಾರಿ ತೋರಿಸಿದರೆ ಮುಂದಿನ ಸಲ ಈಕೆಯನ್ನು ಕರೆಯುವವರು ಯಾರು? ಅದಕ್ಕೆ ಮಿಸ್ತ್ರಿ ಅಮ್ಮ, ಪರವಾಗಿಲ್ಲ ಎಂಬುದನ್ನು ತೆಲುಗು ಬೆರೆಸಿ, ಹೇಳುತ್ತಿದ್ದುದು ಒಂದೇ ಮಾತು: "ಪರವಾಲೇದು ಬಿಡ್ರಿ."

ನಿವೃತ್ತಿಯಾದ ಮೇಲೆ ನಾನು ಮಡಕಶಿರಕ್ಕೆ ಬಂದೆ. ನನ್ನ ತವರು ಹೇಮಾವತಿ ಎಂಬ ಊರಿನ ಹತ್ತಿರದ ಹಳ್ಳಿ. ಅಲ್ಲಿ ನಮ್ಮ ಹೊಲದ ಬದುವಿನಲ್ಲಿ ಒಂದು ವೀರಗಲ್ಲಿದೆ. ನನ್ನಮ್ಮ ಅದಕ್ಕೆ ಪ್ರತಿ ಸೋಮವಾರ ನೀರು ಹಾಕಿ ಅರಿಸಿನ ಹಚ್ಚಿದವಳು. ನಾನು ಶಾಲೆಗೆ ಸೇರಿದ ವರ್ಷವೇ ಕೇಳಿದ್ದಳು: "ಇದ್ರಾಗೆ ಏನು ಬರ್ದವ್ರೆ, ಓದೇ." ಹಳಗನ್ನಡದ ಸವೆದ ಅಕ್ಷರ ನನಗೆ ಓದಲಾಗಲಿಲ್ಲ. ತೊಂಬತ್ತು ದಾಟಿದ ಮೇಲೂ, ತಮ್ಮನ ಮನೆಯ ಜಗಲಿಯಲ್ಲಿ ಕೂತು, ನಾನು ಹೋದಾಗಲೆಲ್ಲ ಕೇಳುತ್ತಿದ್ದಳು. "ಅಷ್ಟು ಓದಿದ್ದೀಯ. ಮೂರು ಸಾಲು ಓದಕ್ಕಾಗಲ್ವೇನೇ?"

ನಿವೃತ್ತಿಯ ಬಿಡುವಿನಲ್ಲಿ ಕಂಪ್ಯೂಟರ್ ಕಲಿತೆ. ಕಲ್ಲಿನ ಫೋಟೊಗಳನ್ನು ಎಲ್ಲ ಕೋನಗಳಿಂದ ತೆಗೆದು ಜೋಡಿಸಿದರೆ, ಕಣ್ಣಿಗೆ ಕಾಣದ ತಗ್ಗುಗಳನ್ನೂ ತೋರಿಸುವ ಸಾಫ್ಟ್‌ವೇರ್ ಇದೆಯೆಂದು ತಿಳಿಯಿತು. ಕ್ರಮವಾಗಿ, ಸಾಲುಸಾಲಾಗಿ ಫೋಟೊ ತೆಗೆದೆ. ಮುಂದಿನ ವಾರ ಹೋಗಿ ನೋಡಿದರೆ ನನ್ನ ತಮ್ಮ ಕಲ್ಲಿಗೆ ಬೆಳ್ಳಿ ಬಣ್ಣದ ಪೇಂಟು ದಪ್ಪಗೆ ಬಳಿದಿದ್ದ.

"ಹಬ್ಬ ಅಲ್ವೇನಕ್ಕ? ಫಳಫಳ ಅಂತೈತೆ ನೋಡು," ಎಂದ. ಭಕ್ತಿಯಿಂದ ಬಳಿದವನನ್ನು ಬೈಯುವುದು ಹೇಗೆ? ಅಕ್ಷರಗಳು ಇನ್ನು ನನ್ನ ಫೋಟೊಗಳಲ್ಲಿ ಮಾತ್ರ ಉಳಿದಿದ್ದವು.

ಆದರೆ ನನ್ನ ಹಳೆಯ ಕಂಪ್ಯೂಟರ್ ಆ ಕೆಲಸ ಶುರುಮಾಡಿದ ಅರ್ಧ ಗಂಟೆಗೆ ಕಾದು ಆರಿಹೋಗುತ್ತಿತ್ತು. ಮತ್ತೆ ಮೊದಲಿಂದ. ಅಕ್ಕನ ಮಗ ತನ್ನ ಕಂಪ್ಯೂಟರಿನಿಂದ ಬಿಚ್ಚಿದ ವಾಟರ್ ಕೂಲರ್ ಕೊಟ್ಟ. ಅದರಲ್ಲಿ ಒಂದು ತಾಮ್ರದ ಬಿಲ್ಲೆ ಇರುತ್ತದೆ. ಅದು ಪ್ರೊಸೆಸರಿನ ಮೇಲೆ ಕೂತರೆ, ಕೊಳವೆಯಲ್ಲಿ ಹರಿಯುವ ನೀರು ಶಾಖವನ್ನು ಹೊತ್ತೊಯ್ಯುತ್ತದೆ. ಮಡಕಶಿರದ ಅಂಗಡಿಯಾತ ಬಿಲ್ಲೆಯನ್ನು ನನ್ನ ಮದರ್‌ಬೋರ್ಡಿನ ಮೇಲಿಟ್ಟು ತಲೆಯಾಡಿಸಿದ. "ಇದರ ಕಾಲೇ ಬೇರೆ, ಬೋರ್ಡಿನ ತೂತೇ ಬೇರೆ ಮೇಡಂ. ಹೊಸಾ ತೂತು ಹಾಕಿದ್ರೆ ಕೂರ್ಬೋದೇನೋ. ನಾನಂತೂ ಹಾಕಲ್ಲ."

ಎಲ್ಲಿ ತೂತು ಬೇಕೆಂದು ಸ್ಕೇಲಿಟ್ಟು ಅಳೆದು, ಬೋರ್ಡಿನ ಮೇಲೆ ನಾಲ್ಕು ಕಡೆ ಪೆನ್ನಿನಿಂದ ಗುರುತು ಮಾಡಿದೆ. ಬೋರ್ಡು, ಬಿಲ್ಲೆ ಎರಡನ್ನೂ ಟವೆಲಿನಲ್ಲಿ ಸುತ್ತಿ, ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ರಾಯದುರ್ಗಕ್ಕೆ ಹೋದೆ.

ಮಿಸ್ತ್ರಿ ಅಮ್ಮ ತುಂಬ ಇಳಿದಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ಬೋರ್ಡನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಇಲ್ಲಿ ಯಾರ್ರಿ ಬೊಟ್ಟಿಟ್ಟಾರ?"

"ನಾನೇ. ಅಲ್ಲಿ ತೂತು ಹಾಕಿಕೊಡಿ."

"ಕಿವಿ ಚುಚ್ಚಾಕ ಇದೇನು ನಿಮ್ಮ ಹಾಸ್ಟೆಲ್ ಹುಡುಗೀನ?" ಎಂದು ಬೋರ್ಡನ್ನು ಬಿಸಿಲಿಗೆ ಓರೆಯಾಗಿ ಹಿಡಿದು ತೋರಿಸಿದರು. ಹಸಿರು ಹಲಗೆಯೊಳಗೆ ಕೂದಲಿನಂಥ ಗೆರೆಗಳು ನೂರಾರು ಓಡುತ್ತಿದ್ದವು. ನಾನಿಟ್ಟ ಒಂದು ಗುರುತು ಸರಿಯಾಗಿ ಅವುಗಳ ಮೇಲೇ ಇತ್ತು. "ನೋಡ್ರಿ, ಇದರ ಹೊಟ್ಟ್ಯಾಗ ಎಷ್ಟು ದಾರ ಅದಾವ. ಬಟ್ಟಿ ಹರದ್ರ ತೇಪಿ ಹಾಕಬಹುದು. ಇದರ ದಾರ ಕಡದ್ರ ಏನ್ ಮಾಡ್ತೀರಿ?"

ಕಂಪ್ಯೂಟರ್ ಬಿಚ್ಚಿ ನೋಡಿದವರಲ್ಲ ಅವರು. ನಾನು ನಾಲ್ಕು ತಿಂಗಳು ಪುಸ್ತಕವಿಟ್ಟುಕೊಂಡು ಕಲಿತವಳು. ಅವರಿಗೆ ಕಂಡದ್ದು ನನಗೆ ಕಂಡಿರಲಿಲ್ಲ.

"ಎರಡೂ ಒಂದಕ್ಕೊಂದು ಆಗೋದಿಲ್ಲ ಅಂದ್ರ, ಎರಡನ್ನೂ ಮುಟ್ಟಬಾರದ್ರಿ. ನಡುವ ಒಬ್ಬರನ್ನ ಕೂಡಸಬೇಕು."

ಸ್ಕೇಲು ಕೊಟ್ಟೆ, ಮುಟ್ಟಲಿಲ್ಲ. ಬೋರ್ಡಿನ ತೂತುಗಳ ಮೇಲೆ ಕಾಗದ ಒತ್ತಿಹಿಡಿದು, ಟೈಲರ್ ಪೆನ್ಸಿಲಿನಿಂದ ಮೆಲ್ಲಗೆ ಉಜ್ಜಿದರು. ಶಾಸನದ ಅಚ್ಚು ತೆಗೆದಂತೆ ತೂತುಗಳು ಕಾಗದದ ಮೇಲೆ ಮೂಡಿದವು. ಬಿಲ್ಲೆಯ ಕಾಲಿಗೂ ಹಾಗೆಯೇ. ಎರಡು ಕಾಗದಗಳನ್ನು ಒಂದರ ಮೇಲೊಂದಿಟ್ಟು, ಹಳೆಯ ಯಂತ್ರದ ಹಿತ್ತಾಳೆ ಪಟ್ಟಿಗಳೆರಡನ್ನು ಕತ್ತರಿಸಿ, ಬೋರ್ಡಿಗೆ ಬೇಕಾದ ತೂತುಗಳನ್ನೂ ಬಿಲ್ಲೆಗೆ ಬೇಕಾದವನ್ನೂ ಅವುಗಳಲ್ಲೇ ಹಾಕಿದರು. ಹಿತ್ತಾಳೆ ಬೋರ್ಡಿಗೆ ತಾಗದಂತೆ ಕೆಳಗೆ ನಾರಿನ ವಾಷರ್ ಇಟ್ಟರು.

ಆಮೇಲೆ ಕೊಬ್ಬರಿ ಎಣ್ಣೆಯಲ್ಲಿ ಕುಂಕುಮ ಕಲಸಿ ಪ್ರೊಸೆಸರಿನ ಮೇಲೆ ತೆಳ್ಳಗೆ ಸವರಿ, ಬಿಲ್ಲೆ ಕೂಡಿಸಿ ಬಿಗಿದು, ಮತ್ತೆ ಎತ್ತಿ ನೋಡಿದರು. ತಾಮ್ರದ ಒಂದು ಮೂಲೆಗೆ ಮಾತ್ರ ಕೆಂಪು ಹತ್ತಿತ್ತು; ಉಳಿದ ಕಡೆ ಬಿಲ್ಲೆ ತಾಗಿಯೇ ಇರಲಿಲ್ಲ. ನಾಲ್ಕು ಗಂಟೆಯ ಬಸ್ಸಿಗೆ ಹೊತ್ತಾಗಿತ್ತು.

"ಇನ್ನೊಂದು ಸುತ್ತು ಬಿಗಿದರೆ ಕೂರುತ್ತದಲ್ಲ?" ಎಂದೆ.

"ಬಿಗದ್ರ ಕೂಡ್ತೈತ್ರಿ. ಒಳಗಿಂದು ಅಳ್ತೈತಿ."

ಎಲ್ಲವನ್ನೂ ಬಿಚ್ಚಿದರು. ಪಟ್ಟಿಯನ್ನು ಅರದಿಂದ ಉಜ್ಜಿದರು, ಉಗುರಿನಿಂದ ಸವರಿದರು, ಮತ್ತೆ ಉಜ್ಜಿದರು. ನಾಲ್ಕರ ಬಸ್ಸು ಹೋಯಿತು. ನಾನು ಒಮ್ಮೆಯೂ ಗಡಿಯಾರ ನೋಡಲಿಲ್ಲ. ಮೂರನೆಯ ಸಲ ಎತ್ತಿದಾಗ ತಾಮ್ರದ ತುಂಬ ಕೆಂಪು ಹರಡಿತ್ತು. ಕುಂಕುಮ ಚೆನ್ನಾಗಿ ಒರೆಸಿ, ನಾನು ತಂದಿದ್ದ, ಶಾಖ ದಾಟಿಸುವ ಪೇಸ್ಟು ಹಚ್ಚಿ ಬಿಗಿದುಕೊಟ್ಟರು. ಅದನ್ನು ಎಳೆಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಮುಂದಿನ ಬಸ್ಸಿನಲ್ಲಿ ಮರಳಿದೆ.

ರಾತ್ರಿಯೇ ಬೋರ್ಡನ್ನು ಪೆಟ್ಟಿಗೆಗೆ ಸೇರಿಸಿ ಕೊಳವೆ ಜೋಡಿಸಿದೆ. ಕಂಪ್ಯೂಟರ್ ಮರುದಿನ ಬೆಳಿಗ್ಗೆ ಆರರಿಂದ ಮಧ್ಯಾಹ್ನ ಮೂರರವರೆಗೆ ಆರದೆ ನಡೆಯಿತು. ಪರದೆಯ ಮೇಲೆ ಬೂದುಬಣ್ಣದ ಕಲ್ಲು, ಅದರಲ್ಲಿ ಅಕ್ಷರ. ನನಗೆ ಪರಿಚಯದ ಹಳಗನ್ನಡ ಪಂಡಿತರೊಬ್ಬರು ಓದಿಕೊಟ್ಟರು. ತುರುಗಳನ್ನು, ಅಂದರೆ ದನಗಳನ್ನು, ಕಾಯುವ ಜಗಳದಲ್ಲಿ ಒಬ್ಬ ಸತ್ತ. ಅವನ ಹೆಸರು ಸವೆದುಹೋಗಿದೆ. ಅವನ ತಂಗಿ ಈ ಕಲ್ಲು ನಿಲ್ಲಿಸಿದಳು. ಅಷ್ಟೇ.

ಅಮ್ಮನ ಕಿವಿಯ ಹತ್ತಿರ ಬಾಯಿಟ್ಟು ಗಟ್ಟಿಯಾಗಿ ಓದಿದೆ. "ತಂಗಿ ನಿಲ್ಸಿದ್ದಾ? ನಾನು ಹೆಂಡ್ತಿ ಅಂದ್ಕಂಡಿದ್ದೆ," ಎಂದಳು. ಆಮೇಲೆ ಎಂದೂ ಕೇಳಲಿಲ್ಲ.

ಮಿಸ್ತ್ರಿ ಅಮ್ಮನಿಗೆ ಫೋನು ಮಾಡಿದೆ. "ಕುಂತೈತಾ?" ಎಂದಷ್ಟೇ ಕೇಳಿದರು. ಕಲ್ಲಿನ ಮಾತು ಹೇಳಿದಾಗ, "ಬಲು ಗಟ್ಟಿಗಿತ್ತಿ ಬಿಡ್ರಿ ಆಕಿ," ಎಂದರು.

ಕಳೆದ ಮಳೆಗಾಲ ಅವರು ತೀರಿಕೊಂಡರು. ಸುದ್ದಿ ನನಗೆ ತಲುಪುವ ಹೊತ್ತಿಗೆ ಕರ್ಮಗಳೆಲ್ಲ ಮುಗಿದಿದ್ದವು. ಜೀವಮಾನವೆಲ್ಲ ಹೊತ್ತು ತಪ್ಪದವಳು ಅವರ ವಿಷಯದಲ್ಲಿ ತಡಮಾಡಿದೆ.

ಈ ಬೇಸಿಗೆಯಲ್ಲಿ ಕಂಪ್ಯೂಟರ್ ಮತ್ತೆ ಕಾಯತೊಡಗಿತು. ಪೇಸ್ಟು ಒಣಗಿರಬೇಕು, ಬಿಚ್ಚಿ ಹೊಸದು ಹಚ್ಚಬೇಕು ಎಂದ ಅಂಗಡಿಯಾತ. ಒಳಗೆ ನೋಡಿದವನೇ ಕೈ ಹಿಂದೆ ತೆಗೆದ. "ಇಂಥದ್ದು ನಾನು ಎಲ್ಲೂ ನೋಡಿಲ್ಲ ಮೇಡಂ. ಬಿಚ್ಚಿದ್ರೆ ಮತ್ತೆ ಕೂರಿಸೋಕೆ ನಂಗೆ ಬರಲ್ಲ. ಮಾಡಿದೋರನ್ನೇ ಕರೀರಿ."

ಕನ್ನಡಕ ಒರೆಸಿಕೊಂಡು ನಾನೇ ಕೂತೆ. ಟಾರ್ಚ್ ಬಿಟ್ಟಾಗ ಹಿತ್ತಾಳೆ ಮಿನುಗಿತು. ಪ್ರತಿ ತಿರುಪಿನ ತಲೆಯಿಂದ ಪಟ್ಟಿಗೆ ಒಂದು ಸೂಜಿಗೆರೆ. ಪಕ್ಕದಲ್ಲಿ ಚುಕ್ಕಿಗಳು. ಒಂದರ ಎದುರು ಮೂಲೆಯಲ್ಲಿ ಎರಡು, ಮೂರರ ಎದುರು ಮೂಲೆಯಲ್ಲಿ ನಾಲ್ಕು. ಅಂದು ಅವರ ಪಕ್ಕದಲ್ಲೇ ಕೂತಿದ್ದರೂ ಅವರು ಅದನ್ನು ಕೊರೆದದ್ದು ನನ್ನ ಗಮನಕ್ಕೆ ಬಂದಿರಲಿಲ್ಲ.

ಬಿಚ್ಚಿದೆ, ಒರೆಸಿದೆ, ಪೇಸ್ಟು ಹಚ್ಚಿದೆ. ಚುಕ್ಕಿಗಳನ್ನು ಎಣಿಸುತ್ತ ಬಿಗಿದು, ಒಂದೊಂದಾಗಿ ಗೆರೆಗೆ ಗೆರೆ ತಂದೆ. ನಾಲ್ಕೂ ಕೂಡಿದವು.