ಹಿಂದಕ್ಕೆ ಜಾರುವ ಸಿಕ್ಸ್ಟನ್

ನಮ್ಮ ಕೆಳಗಿನ ಮನೆಯ ಸಿಕ್ಸ್ಟನ್ ಲುಂಡ್ವಾಲ್ ಅವರು ಹದಿನೈದು ವರ್ಷ ಹಿಂದಕ್ಕೆ ಹೋಗಿ ಸಂಬಳ ತೆಗೆದುಕೊಂಡವರು. ಹಿಂದಕ್ಕೆ ಹೋಗುತ್ತಲೇ ಸಂಬಳ ಎಣಿಸುವವರು ನಮ್ಮ ಆಫೀಸಿನಲ್ಲೂ ಇದ್ದೇವೆ. ಆದರೆ ನಮ್ಮನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಯಾರೂ ಅದನ್ನು ಹೇಳಿರಲಿಲ್ಲ. ಅವರಿಗೆ ಹೇಳಿಯೇ ತೆಗೆದುಕೊಂಡಿದ್ದರು. ಸಿಕ್ಸ್ಟನ್ ಐಸ್ ಹಾಕಿ ಆಟಗಾರರು, ಅದರಲ್ಲೂ ಡಿಫೆಂಡರ್. ಎದುರಾಳಿ ಮೈಮೇಲೆ ನುಗ್ಗಿ ಬರುವಾಗ ಅವನ ಎದೆಯಿಂದ ಕಣ್ಣು ಕೀಳದೆ, ತಮ್ಮ ಗೋಲಿನ ಕಡೆಗೆ ಹಿಮ್ಮುಖವಾಗಿ ಜಾರುತ್ತ ಹೋಗುವುದು ಅವರ ವೃತ್ತಿ.

ಸ್ವೀಡನ್ನಿನ ಸೊಲ್ಲೆಂಟುನಾದ ಈ ಹಳದಿ ಕಟ್ಟಡಕ್ಕೆ ನಾವು ಬಂದ ಹೊಸತರಲ್ಲಿ ಅವರ ಪರಿಚಯವಾದದ್ದು ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ. ಇಡೀ ಕಟ್ಟಡಕ್ಕೆ ಅದೊಂದೇ ಕೋಣೆ, ಮೊದಲೇ ಸಮಯ ಕಾಯ್ದಿರಿಸಬೇಕು. ನಮ್ಮ ಸರದಿ ಮುಗಿದ ಮೇಲೆ ಅವರದು. ಒಣಗಿಸುವ ಯಂತ್ರದ ಜಾಲರಿಯಲ್ಲಿ ನಮ್ಮ ಸೀರೆ, ಪಂಚೆಗಳ ನೂಲು ಹಕ್ಕಿಗೂಡಿನಂತೆ ಕೂತಿತ್ತು. ಬೇರೆಯವರಾಗಿದ್ದರೆ ಬಾಗಿಲಿಗೆ ಸಿಟ್ಟಿನ ಚೀಟಿ ಅಂಟಿಸುತ್ತಿದ್ದರು. ಇವರು ಆ ಗೂಡನ್ನು ಅಂಗೈ ಮೇಲಿಟ್ಟುಕೊಂಡು ಮಹಡಿ ಹತ್ತಿ ಬಂದು, "ಇದು ನಿಮ್ಮದಿರಬೇಕು, ಬಣ್ಣ ಚೆನ್ನಾಗಿದೆ" ಎಂದು ಒಪ್ಪಿಸಿ ಹೋದರು.

ಉಮಾಕಾಂತ ಎನ್ನಲು ನಾಲಿಗೆ ಹೊರಳದೆ ನನ್ನನ್ನು "ಉಮಾ" ಎಂದು ಕರೆಯತೊಡಗಿದರು. ಅದು ನಮ್ಮಲ್ಲಿ ಹೆಂಗಸರ ಹೆಸರು ಎಂದು ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಅವರಿಗೆ ಈಗ ಎಪ್ಪತ್ತು ದಾಟಿದೆ. ಮುಂದಿನ ನಾಲ್ಕು ಹಲ್ಲು ಕಟ್ಟಿಸಿದವು. ಗಟ್ಟಿ ಬಿಸ್ಕತ್ತು ಕಂಡರೆ ತೆಗೆದು ತಟ್ಟೆಯಂಚಿನಲ್ಲಿಟ್ಟು ಕಾಫಿ ಕುಡಿಯುತ್ತಾರೆ. ಎಷ್ಟು ಗೋಲು ಹೊಡೆದಿದ್ದೀರಿ ಎಂದು ಒಮ್ಮೆ ಕೇಳಿದ್ದೆ.

"ಹನ್ನೊಂದು. ಅದರಲ್ಲಿ ಒಂದು ನಮ್ಮದೇ ಗೋಲಿಗೆ. ಅದು ಬಹಳ ಸೊಗಸಾಗಿತ್ತು."

ರಾಷ್ಟ್ರೀಯ ತಂಡದಿಂದ ಒಂದು ಸಲ ಕರೆ ಬಂದಿತ್ತಂತೆ. ಇವರು ಸೌನಾದ ಹಬೆಸ್ನಾನದಲ್ಲಿದ್ದರು, ಹೆಂಡತಿ ಗುನ್ವೋರ್ ತೋಟದಲ್ಲಿ. ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ಅದು ರಾಷ್ಟ್ರೀಯ ತಂಡವೇ ಎಂದು ಇವರ ನಂಬಿಕೆ. ಹಲ್ಲಿನ ಡಾಕ್ಟರು ಎಂದು ಗುನ್ವೋರ್ ಅವರ ನಂಬಿಕೆ. ಈ ವಿಷಯದಲ್ಲಿ ದಂಪತಿ ಈಗಲೂ ಪ್ರತಿ ಕ್ರಿಸ್‌ಮಸ್‌ಗೆ ಒಂದು ಸುತ್ತು ಜಗಳವಾಡುತ್ತಾರೆ.

ಅವರು ಹುಟ್ಟಿದ್ದು ಉತ್ತರದ ಒಂದು ಮರಮುಟ್ಟಿನ ಊರಿನಲ್ಲಿ. ತಂದೆ ಗರಗಸದ ಮಿಲ್ಲಿನಿಂದ ಬಂದವರು ಕೋಟು ಕಳಚದೆ ಅಂಗಳಕ್ಕೆ ನೀರು ಹಾಯಿಸುತ್ತಿದ್ದರಂತೆ. ತೆಳ್ಳಗೆ ಒಂದು ಪದರ. ಅದು ಚಳಿಗೆ ಮಂಜುಗಡ್ಡೆಯಾದ ಮೇಲೆ ಇನ್ನೊಂದು. ಆತುರಪಟ್ಟರೆ ಗುಳ್ಳೆ ಏಳುತ್ತದೆ. ಆ ಅಂಗಳದಲ್ಲಿ ಹುಡುಗ ಸಿಕ್ಸ್ಟನ್ ಹಿಂದಕ್ಕೆ ಜಾರುವಾಗ ಮನೆಯ ದೀಪ ಸಣ್ಣದಾಗುತ್ತ ಹೋಗುತ್ತಿತ್ತು, ಕಿಟಕಿಯಲ್ಲಿ ನಿಂತ ಅಮ್ಮ ಸಣ್ಣವಳಾಗುತ್ತ ಹೋಗುತ್ತಿದ್ದಳು. ಮುಂದಕ್ಕೆ ಜಾರಿ ಬಂದರೆ ಅಮ್ಮ ಮತ್ತೆ ದೊಡ್ಡವಳು.

"ಹಾಗೆ ಅಮ್ಮನನ್ನು ಎಷ್ಟು ಸಲ ಚಿಕ್ಕವಳನ್ನಾಗಿ ಮಾಡಿದ್ದೀನೋ!" ಎಂದರು. ಒಗೆಯುವ ಕೋಣೆಯಲ್ಲಿ ಇದನ್ನು ಹೇಳುವಾಗ ಅವರ ಕೈಯಲ್ಲಿ ನನ್ನದೊಂದು ಒಂಟಿ ಕಾಲುಚೀಲವಿತ್ತು; ಅದರ ಜೋಡಿಯನ್ನು ತಮ್ಮ ಬಟ್ಟೆಗಳಲ್ಲಿ ಹುಡುಕುತ್ತಿದ್ದರು. ನನಗೆ ಮಾತ್ರ ಯಂತ್ರದ ಗುಡುಗುಡು ಸದ್ದು ಕಾಡಿನ ನಡುವೆ ಹಿಮ ಸೀಳಿಕೊಂಡು ಹೋಗುವ ಅವರ ತಂಡದ ಬಸ್ಸಿನಂತೆಯೂ, ಕಿಟಕಿಗೆ ತಲೆಯಾನಿಸಿ ಅರ್ಧ ನಿದ್ದೆಯಲ್ಲಿರುವ ಹುಡುಗರ ನಡುವೆ ನಾನೂ ಕೂತಂತೆಯೂ ಅನಿಸಿತು. ನಾನು ಕೂತಿದ್ದು ಮಾಸಿದ ಬಟ್ಟೆಯ ಬುಟ್ಟಿಯ ಮೇಲೆ.

ಕಳೆದ ಶರತ್ಕಾಲದಲ್ಲಿ ಅವರ ಬಲ ಮೊಣಕಾಲು ಕೈಕೊಟ್ಟಿತು. ಬದಲಿ ಕೀಲು ಹಾಕಬೇಕು ಎಂದರು ಡಾಕ್ಟರು. ಆಮೇಲೆ ನಡೆಯಬಹುದು, ಈಜಬಹುದು, ಕಾಡಿಗೆ ಹೋಗಿ ಅಣಬೆ ಆರಿಸಬಹುದು. ಸ್ಕೇಟು ಮಾತ್ರ ಕೂಡದು. ಗುನ್ವೋರ್ ಅಲ್ಲೇ ಗಂಡನ ಕೈಯಿಂದ ಭಾಷೆ ತೆಗೆದುಕೊಂಡರು. ಆಪರೇಷನ್ ಗೊತ್ತಾದದ್ದು ಜನವರಿ ನಡುವಿಗೆ, ನಮ್ಮ ಸಂಕ್ರಾಂತಿಯ ಮಾರನೆಯ ದಿನ.

"ಅದಕ್ಕೆ ಮುಂಚೆ ಒಂದೇ ಸಲ" ಎಂದರು ನನ್ನ ಹತ್ತಿರ. "ಅಪ್ಪ ಮಾಡುತ್ತಿದ್ದಂಥ ಮಂಜುಗಡ್ಡೆಯ ಮೇಲೆ."

"ಇಲ್ಲೇ ಹಾಕಿ ಆಡುವ ಐಸ್ ಹಾಲ್ ಇದೆಯಲ್ಲ?"

"ಅದು ಆಫೀಸು ಉಮಾ. ರಿಟೈರಾದ ಮೇಲೆ ನೀನು ಆಫೀಸಿಗೆ ಹೋಗ್ತೀಯಾ?"

ನಾನು ಈಗಲೇ ಹೋಗುವುದು ಕಡಿಮೆ.

ಚಳಿಗಾಲವೂ ಸತಾಯಿಸಿತು. ಡಿಸೆಂಬರ್ ಪೂರ್ತಿ ಬರೀ ಕೆಸರು, ಜಿಟಿಜಿಟಿ. ಸಿಕ್ಸ್ಟನ್ ದಿನಕ್ಕೆ ಹತ್ತು ಸಲ ಕಿಟಕಿಯ ಥರ್ಮಾಮೀಟರ್ ನೋಡುತ್ತಿದ್ದರು, ನಾವು ಹೆರಿಗೆ ಕೋಣೆಯ ಬಾಗಿಲು ನೋಡಿದಂತೆ. ಹೊಸ ವರ್ಷ ಕಳೆದು ಮೂರು ದಿನಕ್ಕೆ ಚಳಿ ಬಿತ್ತು, ಮೈನಸ್ ಹತ್ತು. ಅಂದೇ ಸಂಜೆ ಅವರು ಹಿತ್ತಲ ಅಂಗಳದಲ್ಲಿ ಪೈಪು ಹಿಡಿದು ನಿಂತರು. ಮೂರೂವರೆಗೆಲ್ಲ ಕತ್ತಲಾಗುವ ದಿನಗಳು. ದೀಪದ ಕಂಬದ ಕೆಳಗೆ ಆವಿಯೊಳಗೆ ಒಬ್ಬ ಮುದುಕ ನೆಲಕ್ಕೆ ನೀರು ತೋರಿಸುತ್ತ ಮೆಲ್ಲಗೆ ಹಿಂದಕ್ಕೆ ನಡೆಯುತ್ತಿದ್ದರು. ಆಫೀಸಿನ ಮೀಟಿಂಗಿನಲ್ಲಿ ಕ್ಯಾಮೆರಾ ಮುಚ್ಚಿಟ್ಟು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಕನಸಿನಲ್ಲಿ ನಡೆಯುವವರು ಹಾಗೆಯೇ ನಡೆಯುತ್ತಾರೇನೋ. ಪ್ರತಿ ಸಂಜೆ ಒಂದೊಂದು ಪದರ; ಸ್ಕೇಟಿಗೆ ಹದವಾಗುವುದು ಸಂಕ್ರಾಂತಿಯ ಹೊತ್ತಿಗೆ. ಹವಾಮಾನದವರು ಆಪರೇಷನ್ ದಿನ ಮಳೆ ಎಂದಿದ್ದರು. ಅಂದರೆ ಇರುವುದು ಸಂಕ್ರಾಂತಿಯ ಸಂಜೆ ಒಂದೇ.

ಇದನ್ನೆಲ್ಲ ನನ್ನ ಹೆಂಡತಿ ಇಳಾಗೆ ಹೇಳಿದ್ದೆ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ನಾನು ಹೇಳುವುದೂ ಅವಳು ಕೇಳಿಸಿಕೊಳ್ಳುವುದೂ ಎರಡು ಬೇರೆ ಬೇರೆ ಕಾರ್ಯಕ್ರಮಗಳು. ಆಪರೇಷನ್ ಎನ್ನುವುದಷ್ಟೇ ಅವಳಲ್ಲಿ ಉಳಿದಿತ್ತು.

ಸಂಕ್ರಾಂತಿ ದಿನ ಬೆಳಗಾದದ್ದೇ ಎಂಟೂವರೆ ಮೇಲೆ. ಕಾಫಿ ಲೋಟ ಹಿಡಿದು ಕಿಟಕಿ ಪರದೆ ಸರಿಸಿದೆ. ಹಿತ್ತಲಿನಲ್ಲಿ ಸಿಕ್ಸ್ಟನ್ ಅವರ ಹಾಲುಬಿಳುಪಿನ ಮಂಜುಗಡ್ಡೆಯ ಮೇಲೆ ಒಂದು ಕಮಲ ಅರಳಿತ್ತು. ಎಂಟು ದಳ, ದಳದ ಸಂದಿನಲ್ಲಿ ಕಬ್ಬಿನ ಜಲ್ಲೆ, ಸುತ್ತ ಎಳೆ. ಕುಂಕುಮದ ಕೆಂಪು, ಅರಿಸಿನದ ಹಳದಿ, ಒಂದು ನೀಲಿ. ನಡುವೆ ಇಳಾ, ಹಿಮದ ಬೂಟು ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತು, ಕೊನೆಯ ದಳಕ್ಕೆ ಬಣ್ಣ ತುಂಬುತ್ತಿದ್ದಳು.

ಮನೆಯ ಚಪ್ಪಲಿಯಲ್ಲೇ ಓಡಿದೆ. ಮಂಜುಗಡ್ಡೆಯ ಅಂಚು ಮುಟ್ಟಿದ್ದೇ ನಾನೂ ಹಿಂದಕ್ಕೆ ಜಾರಿದೆ, ಬೆನ್ನ ಮೇಲೆ.

"ರೀ, ನಿಧಾನ! ಎಳೆ ಅಳಿಸಿಬಿಡ್ತೀರಾ!"

"ಇಳಾ, ಏನೇ ಮಾಡ್ದೆ ಇದು?"

"ಅಯ್ಯೋ, ದಿನಾ ಸಾಯಂಕಾಲ ಪಾಪ ಅಂಗಳಕ್ಕೆ ನೀರು ಹಾಕಿ ಇಷ್ಟು ನೀಟಾಗಿ ಇಟ್ಟಿದ್ದಾರೆ, ರಂಗೋಲಿ ಹಾಕೋರೇ ಇಲ್ಲ. ನಾಳೆ ಆಪರೇಷನ್‌ಗೆ ಹೋಗೋರ ಮನೆ ಅಂಗಳ ಬೋಳಾಗಿರಬಾರದು ಅಂತ ನಾನೇ ಹಾಕ್ದೆ. ಬೆಂಗಳೂರಿಂದ ತಂದಿದ್ದ ಪುಡಿ ಪೂರ್ತಿ ಖಾಲಿ."

ವಿಷಯ ಹೇಳಿದೆ. ರಂಗೋಲಿ ಪುಡಿ ಎಂದರೆ ಕಲ್ಲಿನ ಪುಡಿ. ಸ್ಕೇಟಿನ ಅಲಗು ಅದರ ಮೇಲೆ ಹೋದರೆ ಮೊಂಡಾಗುತ್ತದೆ, ಕಚ್ಚಿ ಬೀಳಿಸುತ್ತದೆ. ಇಳಾಳ ಕೈಯಲ್ಲಿದ್ದ ಹಳದಿ ಅಲ್ಲೇ ನಿಂತಿತು. ಅಷ್ಟರಲ್ಲಿ ಬಾಗಿಲು ತೆರೆದು ಗುನ್ವೋರ್ ಬಂದರು, ಹಿಂದೆ ಕುಂಟುತ್ತ ಸಿಕ್ಸ್ಟನ್.

ಗುನ್ವೋರ್ ಅವರ ಮುಖ ಅವರ ಬಿಳಿ ಟೋಪಿಗಿಂತ ಬೆಳ್ಳಗಾಯಿತು. "ಸ್ಕೇಟು ಬೇಡ ಅಂತ ಭಾಷೆ ತಗೊಂಡವಳು ನಾನು. ಇದೊಂದು ಸಂಜೆ ಬಿಟ್ಟುಕೊಟ್ಟವಳೂ ನಾನು. ಈಗ ಇದೇನು?"

ಇಳಾಗೆ ಸ್ವೀಡಿಷ್ ಅರ್ಥವಾಗುತ್ತದೆ, ಗಾಬರಿಯಲ್ಲಿ ಮಾತ್ರ ಆಡಲು ಬರುವುದಿಲ್ಲ. ಒಳಗೆ ಓಡಿ, ಎಳ್ಳುಬೆಲ್ಲದ ಡಬ್ಬಿ ತಂದು, ಎರಡೂ ಕೈಯಲ್ಲಿ ಗುನ್ವೋರ್ ಅವರ ಮುಂದೆ ಹಿಡಿದಳು. "ಹೇಳ್ರೀ ಅವರಿಗೆ, ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡಿ ಅಂತ."

ಹೇಳಿದೆ. "ಇದನ್ನು ತಿಂದ ಮೇಲೆ ಕೆಟ್ಟ ಮಾತು ಆಡುವ ಹಾಗಿಲ್ಲ, ನಮ್ಮ ಕಡೆಯ ನಿಯಮ."

ಗುನ್ವೋರ್ ಡಬ್ಬಿಯನ್ನೂ ನನ್ನನ್ನೂ ನೋಡಿದರು. "ಹಾಗಾದರೆ ಮೊದಲು ಬೈದು ಮುಗಿಸ್ತೀನಿ. ಆಮೇಲೆ ತಿನ್ತೀನಿ."

ಮುಗಿಸಿದರು. ಸಾಕಷ್ಟು ಹೊತ್ತು ಹಿಡಿಯಿತು. ಸ್ವೀಡಿಷ್ ಭಾಷೆಯಲ್ಲಿ ಬೈಗುಳ ಕಡಿಮೆ ಎಂದುಕೊಂಡಿದ್ದೆ, ತಪ್ಪು.

ಸಿಕ್ಸ್ಟನ್ ಮಾತ್ರ ಊರುಗೋಲಿಗೆ ಒರಗಿ ಕಮಲವನ್ನು ನೋಡುತ್ತಿದ್ದರು. ಬೆರಳಲ್ಲಿ ಚಿಟಿಕೆ ಪುಡಿ ಎತ್ತಿ ಉಜ್ಜಿದರು. ನಾನು ಪೊರಕೆ ತರಲೇ ಎಂದೆ.

"ಬೇಡ. ಗುಡಿಸಿದರೆ ಉಜ್ಜಿ ಉಜ್ಜಿ ಎಲ್ಲ ಕಡೆ ಹರಡುತ್ತೆ." ಮತ್ತೆ ನೋಡಿದರು. ನಿಧಾನವಾಗಿ ಅವರ ಮುಖದಲ್ಲಿ, ತಮ್ಮದೇ ಗೋಲಿಗೆ ಹೊಡೆದ ಆ ಸೊಗಸಾದ ಗೋಲಿನ ನಗೆ ಮೂಡಿತು. "ಉಮಾ, ಹಾಲ್‌ನಲ್ಲಿ ಕೆಂಪು ಗೆರೆ, ನೀಲಿ ಗೆರೆ ಎಲ್ಲಿರುತ್ತೆ ಗೊತ್ತಾ? ಮಂಜುಗಡ್ಡೆಯ ಮೇಲಲ್ಲ, ಒಳಗೆ. ಬಣ್ಣ ಹಚ್ಚಿ, ಮೇಲೆ ನೀರು ಹಾಯಿಸ್ತಾರೆ. ನಿನ್ನ ಹೆಂಡತಿ ಗೆರೆ ಎಳೆದಾಗಿದೆ. ನೀರು ಹಾಯಿಸೋದು ಬಾಕಿ, ಅಷ್ಟೆ."

ಪೈಪು ಬಿಟ್ಟರೆ ರಂಗೋಲಿ ಕೊಚ್ಚಿಹೋಗುತ್ತದೆ. ಮೊದಲ ಪದರ ಮಂಜಿನ ಹನಿಯಂತೆ ಬೀಳಬೇಕು. ಇಳಾ ಕರಿಬೇವಿನ ಗಿಡಕ್ಕೆ ನೀರು ಚಿಮುಕಿಸುವ ಬಾಟಲಿ ತಂದಳು. ಈ ದೇಶದಲ್ಲಿ ಆ ಗಿಡವನ್ನು ನಾವು ಮಗುವಿಗಿಂತ ಹೆಚ್ಚು ಸಾಕಿದ್ದೇವೆ. ಗುನ್ವೋರ್ ಬಾಯಲ್ಲಿ ಎಳ್ಳುಬೆಲ್ಲ ತುಂಬಿಕೊಂಡು ತಮ್ಮ ಇಸ್ತ್ರಿಯ ಬಾಟಲಿ ತಂದರು. ಇಬ್ಬರು ಹೆಂಗಸರು ಎದುರುಬದುರು ಬಗ್ಗಿ, ಪಿಸ್ ಪಿಸ್ ಎಂದು ದಳದಿಂದ ದಳಕ್ಕೆ ಸಾಗಿದರು. ಸಿಕ್ಸ್ಟನ್ ಬೆಂಚಿನ ಮೇಲಿಂದ "ಆತುರ ಬೇಡ, ಗುಳ್ಳೆ ಏಳುತ್ತೆ" ಎನ್ನುತ್ತಿದ್ದರು. ಬಾಟಲಿಯ ಬಾಯಿ ಹೆಪ್ಪುಗಟ್ಟದಂತೆ ನೀರು ಬೆಚ್ಚಗೆ ಮಾಡಿ ತುಂಬಿಸಿ ತರುವ ಕೆಲಸ ನನಗೆ. ಆಫೀಸಿನ ಯಾವ ಯೋಜನೆಯಲ್ಲೂ ನಾನು ಇಷ್ಟು ಉಪಯೋಗಕ್ಕೆ ಬಂದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಣ್ಣ ಗಟ್ಟಿಯಾಗಿ ಕೂತಿತು. ಆಮೇಲೆ ಜರಡಿ ಮೂತಿಯ ನೀರಿನ ಕ್ಯಾನು, ಅದಾದ ಮೇಲೆ ಪೈಪು. ಪದರದ ಮೇಲೆ ಪದರ ಬಿದ್ದಂತೆ ಕಮಲ ಆಳಕ್ಕೆ ಇಳಿಯುತ್ತ ಹೋಯಿತು, ಕೊಳದಲ್ಲಿರುವ ಕಮಲಕ್ಕಿಂತ ಒಂದು ಮೆಟ್ಟಿಲು ಕೆಳಗೆ.

ಸಂಜೆ ದೀಪ ಹತ್ತಿದಾಗ ಸಿಕ್ಸ್ಟನ್ ಸ್ಕೇಟು ಕಟ್ಟಿಕೊಂಡರು. ಲೇಸು ಬಿಗಿದವರು ಗುನ್ವೋರ್. ಮೊದಲು ಎರಡು ಹೆಜ್ಜೆ ಮುಂದಕ್ಕೆ, ಸಾಧಾರಣ ಮುದುಕರಂತೆ. ಆಮೇಲೆ ಸೊಂಟ ತುಸು ಇಳಿಸಿ, ಭುಜ ತಿರುಗಿಸಿದರು. ಕುಂಟುತ್ತಿದ್ದ ಮನುಷ್ಯ ಅಲ್ಲಿಗೆ ಮುಗಿದ. ಹಿಂದಕ್ಕೆ, ಸದ್ದಿಲ್ಲದೆ, ಎಡಕ್ಕೊಂದು ಕಮಾನು, ಬಲಕ್ಕೊಂದು ಕಮಾನು. ಅಲಗಿನ ಬಿಳಿ ಗೆರೆಗಳು ಇಳಾಳ ಎಳೆಗಳ ಮೇಲೆ ಇನ್ನೊಂದು ರಂಗೋಲಿಯಂತೆ ಬಿದ್ದವು. ದಳಗಳು ಅವರ ಕಾಲ ಕೆಳಗಿಂದ ಹೊರಟು ನಮ್ಮ ಕಡೆ ತೇಲಿಬರುತ್ತಿದ್ದವು. ಅವರ ಕಣ್ಣು ಬೆಂಚಿನ ಮೇಲಿದ್ದ ಗುನ್ವೋರ್ ಅವರ ಮೇಲೇ ಇತ್ತು. ಅಂಗಳದ ಆ ತುದಿಗೆ ಹೋದಾಗ ಅಲ್ಲಿಂದ ನಾವೆಲ್ಲ ಎಷ್ಟು ಚಿಕ್ಕವರಾಗಿ ಕಂಡೆವೋ.

ಐದಾರು ಸುತ್ತು. ಮೊಣಕಾಲು ಸಾಕು ಎಂದಿತು. ಮುಂದಕ್ಕೆ ಜಾರಿ ಬಂದು ಗುನ್ವೋರ್ ಅವರ ಮುಂದೆ ನಿಂತರು.

"ನೀನು ಮತ್ತೆ ದೊಡ್ಡವಳಾದೆ" ಎಂದರು.

"ದಪ್ಪಗಾದೆ ಅಂತ ಹೇಳೋದಕ್ಕೆ ಇಷ್ಟು ಸುತ್ತು ಹಾಕ್ಬೇಕಿತ್ತಾ?" ಎಂದು ಗುನ್ವೋರ್ ಬಗ್ಗಿ ಲೇಸು ಬಿಚ್ಚತೊಡಗಿದರು. ಲೇಸು ಬಿಚ್ಚಲು ಅಷ್ಟು ಹೊತ್ತು ಹಿಡಿಯಬಾರದಿತ್ತು. ಇಳಾ ಅವರ ಪಕ್ಕ ಕೂತು ಇನ್ನೊಂದು ಕಾಲಿನದು ಬಿಚ್ಚಿದಳು.

ಮರುದಿನ ಹೇಳಿದಂತೆಯೇ ಮಳೆ ಬಂತು. ಅಲ್ಲಿ ಅವರ ಕಾಲಿಗೆ ಹೊಸ ಕೀಲು ಬೀಳುವ ಹೊತ್ತಿಗೆ ಇಲ್ಲಿ ಕಮಲ ಕರಗಿ, ಕೆಂಪಾಗಿ ಹಳದಿಯಾಗಿ, ಚರಂಡಿಯ ಜಾಲರಿಯೊಳಗೆ ಇಳಿಯಿತು.

ಈಗ ಅವರು ಮನೆಯಲ್ಲಿದ್ದಾರೆ. ವಾರಕ್ಕೆರಡು ದಿನ ಫಿಸಿಯೋಥೆರಪಿಯ ಹುಡುಗಿ ಬಂದು ನಡೆಸುತ್ತಾಳೆ. ಮೊನ್ನೆ ಮೆಟ್ಟಿಲ ಹತ್ತಿರ ಸಿಕ್ಕವಳು ನನ್ನ ಹತ್ತಿರ ದೂರಿದಳು. ಮುಂದಕ್ಕೆ ನಡೆಸಿದರೆ ಎಳೆಗೂಸಿನ ಹಾಗೆ ಗೋಡೆ ಹಿಡಿಯುತ್ತಾರೆ, ಆದರೆ ಇವಳು ಅತ್ತ ತಿರುಗಿದರೆ ಸಾಕು, ಊರುಗೋಲು ಮೂಲೆಗಿಟ್ಟು ಪಡಸಾಲೆಯ ಉದ್ದಕ್ಕೂ ಹಿಂದಕ್ಕೆ ನಡೆದುಬಿಡುತ್ತಾರಂತೆ, ಅಡುಗೆಮನೆಯಲ್ಲಿರುವ ಹೆಂಡತಿಯನ್ನು ನೋಡುತ್ತ.